ಭಟ್ಟಿ ಕಾಕೂನ ದೊಡ್ಡಾಕಿ

ಹೋದ ತಿಂಗಳು ಹೈದರಾಬಾದಿನ ಮೆಟ್ರೋದಲ್ಲಿ ಮಾದಾಪುರದ ಕಡೆ ಹೋಗುತ್ತಿದ್ದೆ. ಬೆಳಗಿನ ಹೊತ್ತು, ಕೊರಳಿಗೆ ಕಂಪನಿಯ ಪಟ್ಟಿ ಹಾಕಿಕೊಂಡ ಹುಡುಗ ಹುಡುಗಿಯರ ನೂಕುನುಗ್ಗಲು. ನಡುವೆ ಒಂದು ನಿಲ್ದಾಣದಲ್ಲಿ ಕಟ್ಟಡ ಕೆಲಸದ ಹೆಂಗಸೊಬ್ಬಳು ಬುತ್ತಿಗಂಟು ಹಿಡಿದು ಹತ್ತಿದಳು. ಯಾದಗಿರಿಯ ಕಡೆಯವಳಿರಬೇಕು, ಫೋನಿನಲ್ಲಿ ಯಾರಿಗೋ "ಬರಾಕತ್ತೀನಿ, ತಡೀ ಯಪ್ಪಾ" ಅನ್ನುತ್ತಿದ್ದಳು. ಅವಳ ಸೆರಗಿನಿಂದ ಕಟ್ಟಿಗೆಯ ಹೊಗೆಯ ವಾಸನೆ ಬಂತು. ಒಲೆಯ ಮುಂದೆ ಕೂತು ರೊಟ್ಟಿ ಬಡಿದು ಹಾಗೇ ಎದ್ದು ಬಂದವರ ವಾಸನೆ. ಪಕ್ಕದಲ್ಲಿದ್ದ ಇಬ್ಬರು ಹುಡುಗರು ಮೂಗು ಮುರಿದು ಅತ್ತ ಸರಿದರು. ನಾನು ಇತ್ತ ಸರಿದು ಅವಳ ಮಗ್ಗುಲಿಗೇ ಹೋಗಿ ನಿಂತೆ. ಅವಳು ಒಂದು ಸಲ ಅನುಮಾನದಿಂದ ನೋಡಿದಳು. ನೋಡಲಿ... ಆ ವಾಸನೆ ಮೂಗಿಗೆ ಬಿದ್ದು ಎಷ್ಟು ವರ್ಷವಾಗಿತ್ತು ನನಗೆ!

ಭಟ್ಟಿ ಕಾಕೂನ ಸೀರೆಗಳಿಗೆಲ್ಲ ಇದೇ ವಾಸನೆ. ಒಗೆದು, ಒಣಗಿಸಿ, ಮಡಿಚಿ ಟ್ರಂಕಿನಲ್ಲಿಟ್ಟ ಸೀರೆಗೂ ಇದೇ. ಮದುವೆ ಮನೆಗೆ ರೇಷ್ಮೆ ಉಟ್ಟು ಬಂದರೂ ಇದೇ. ಅವರು ಬಂದರೆಂದು ನಮಗೆ ಕಣ್ಣಿಗಿಂತ ಮೊದಲು ಮೂಗು ಹೇಳುತ್ತಿತ್ತು.

ಅವರು ನನ್ನ ಸ್ವಂತ ಕಾಕೂ, ಅಂದರೆ ಚಿಕ್ಕಮ್ಮ, ಅಲ್ಲ. ಹೈದರಾಬಾದಿನಲ್ಲಿ ನಮ್ಮ ಕಡೆಯ ಹಿರಿಯ ಹೆಂಗಸೊಬ್ಬರು ಸಿಕ್ಕರೆ ಮೊದಲ ದಿನ ಮೇಡಂ, ಎರಡನೆಯ ದಿನ ಕಾಕೂ. ಅಷ್ಟೇ ಸಂಬಂಧ, ಅದೇ ಬೇಕಾದಷ್ಟು. ಅವರದು ಗದಗಿನ ಕಡೆ. ಇಲ್ಲಿಯ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ಕುಂಬಾರರ ಮನೆಯವರೇನಲ್ಲ. ಆರ್ಟ್ ಕಾಲೇಜಿನಲ್ಲಿ ಓದುವಾಗ ಮಣ್ಣಿನ ರುಚಿ ಹತ್ತಿತ್ತಂತೆ. ಕಲಿತ ಹೆಣ್ಣುಮಗಳು ಗಡಿಗಿ ಮಾಡುತ್ತಾಳೆ ಎಂದು ಬಂಧುಬಳಗವೆಲ್ಲ ಆಡಿಕೊಂಡರೂ ಬಿಡಲಿಲ್ಲವಂತೆ. ಮದುವೆ ಆಗಿರಲಿಲ್ಲ. ಯಾಕೆ ಎಂದು ಕೇಳಿದರೆ "ಟೈಮ್ ಸಿಗಲಿಲ್ಲ ತಂಗಿ" ಅನ್ನುತ್ತಿದ್ದರು, ಬಸ್ಸು ತಪ್ಪಿಸಿಕೊಂಡವರು ಹೇಳುವಷ್ಟು ಸಲೀಸಾಗಿ.

ಮಾದಾಪುರದ ಆಚೆ ಬಂಡೆ ಮತ್ತು ಸೀತಾಫಲದ ಪೊದೆ ಬಿಟ್ಟು ಬೇರೇನೂ ಇಲ್ಲದ ಕಾಲದಲ್ಲಿ ಅವರು ಅಲ್ಲಿ ಒಂದು ತುಂಡು ಜಾಗ ಹಿಡಿದರು. ಹೈದರಾಬಾದಿನ ಹಳೇ ಊರಿನಿಂದ ಮುದುಕ ಮೇಸ್ತ್ರಿಯೊಬ್ಬನನ್ನು ಕರೆತಂದು, ಎಲ್ಲೋ ಕೆಡವಿದ ಕಾರ್ಖಾನೆಯ ಹೊಗೆಕೊಳವೆಯ ಇಟ್ಟಿಗೆ ತರಿಸಿ ಎರಡು ಭಟ್ಟಿ ಕಟ್ಟಿಸಿದರು. ದೊಡ್ಡದರೊಳಗೆ ಇಬ್ಬರು ಬಗ್ಗಿ ನಿಲ್ಲಬಹುದು. ಚಿಕ್ಕದು ಎದೆಮಟ್ಟ. ಕಟ್ಟಿಗೆಯ ಬೆಂಕಿಯಲ್ಲಿ ಮೆರುಗಿನ ಪಾತ್ರೆ ಸುಡುವ ಇಷ್ಟು ಹಳೆಯ ಭಟ್ಟಿಗಳು ಈ ಊರಲ್ಲಿ ಬೇರೆ ಉಳಿದಿಲ್ಲ ಎಂದು ಕಾಲೇಜುಗಳ ಮೇಷ್ಟರುಗಳು ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದು ತೋರಿಸಿ ಹೋಗುತ್ತಿದ್ದರು. ಕಾಕೂಗೆ ಮಾತ್ರ ಅವು ದೊಡ್ಡಾಕಿ, ಸಣ್ಣಾಕಿ. ನಮ್ಮ ಕಡೆ ಮನೆಯ ಇಬ್ಬರು ಸೊಸೆಯಂದಿರನ್ನು ಕರೆಯುವುದು ಹೀಗೇ. "ದೊಡ್ಡಾಕಿ ಇವತ್ತ ಭಾಳ ಸಿಟ್ಟಿನಾಗ ಅದಾಳ, ಹತ್ರ ಹೋಗಬ್ಯಾಡ" ಎಂದು ಅವರು ಹೇಳಿದರೆ, ಹೊಸಬರು ಒಳಗೆ ಯಾರೋ ಹೆಂಗಸು ಮಲಗಿದ್ದಾಳೆ ಎಂದು ಇಣುಕುತ್ತಿದ್ದರು.

ನಾನು ಆಗ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಹಿಂದಿ ಅನುವಾದಕಿ. ಹುಟ್ಟಿದ್ದು ರಾಯಚೂರು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕಚೇರಿಯಲ್ಲಿ ಹಿಂದಿ, ಇಂಗ್ಲಿಷ್. ನಾಲ್ಕು ಭಾಷೆ ಬರುತ್ತದೆ ಎಂಬ ಜಂಬ ಎಷ್ಟಿತ್ತೆಂದರೆ ಕ್ವಾರ್ಟರ್ಸಿನಲ್ಲಿ ಯಾರ ಮನೆಗೆ ಯಾವ ಕಾಗದ ಬಂದರೂ ನಾನೇ ಓದಿ ಹೇಳಬೇಕು. ಬೇರೆಯವರು ಓದಿದರೆ ನಾನು ಮುಖ ಸಿಂಡರಿಸುತ್ತಿದ್ದೆ.

ಕಾಕೂನ ಹತ್ತಿರ ಹೋದದ್ದು ಒಂದು ಮುಚ್ಚಳಕ್ಕಾಗಿ. ಅತ್ತೆ ಕೊಟ್ಟ ಉಪ್ಪಿನಕಾಯಿ ಭರಣಿಯ ಮುಚ್ಚಳ ಒಡೆದಿತ್ತು. ಮಾದಾಪುರದಾಚೆ ಒಬ್ಬ ಕನ್ನಡದ ಮೇಡಂ ಇಂಥವನ್ನೆಲ್ಲ ಮಾಡುತ್ತಾರೆ ಎಂದು ಯಾರೋ ಹೇಳಿದ್ದರಿಂದ ಭರಣಿಯನ್ನು ಮಡಿಲಲ್ಲಿಟ್ಟುಕೊಂಡು ಎರಡು ಬಸ್ಸು ಬದಲಿಸಿ ಹೋದೆ. ಕೆಂಪು ಮಣ್ಣಿನ ಕೈ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ದಪ್ಪ ಕನ್ನಡಕ. ಭರಣಿಯನ್ನು ತಿರುಗಿಸಿ ನೋಡಿ, "ಮುಚ್ಚಳ ನಾ ಮಾಡಿಕೊಡಂಗಿಲ್ಲ. ಮಣ್ಣು ಕೊಡ್ತೀನಿ, ನೀನ ಮಾಡು" ಅಂದರು. ನಾನು ದಾರ ತೆಗೆದುಕೊಂಡು ಭರಣಿಯ ಬಾಯಿ ಅಳೆದೆ. ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಮುಚ್ಚಳ ಮಾಡಿ ಹಾಕಿ ನೋಡಿದೆ, ಸರಿಯಾಗಿ ಕೂತಿತು. ಕಾಕೂ ನೋಡುತ್ತಿದ್ದರು, ಒಂದು ಮಾತೂ ಆಡಲಿಲ್ಲ.

ಹದಿನೈದು ದಿನ ಬಿಟ್ಟು ಹೋದಾಗ ಭಟ್ಟಿ ಬಿಚ್ಚುವ ದಿನ. ನನ್ನ ಮುಚ್ಚಳ ಗಟ್ಟಿಯಾಗಿ, ಕಂದು ಮೆರುಗು ಹೊತ್ತು ಹೊರಗೆ ಬಂತು. ಭರಣಿಯ ಮೇಲಿಟ್ಟೆ. ದಬಕ್ಕನೆ ಒಳಗೆ ಬಿತ್ತು! ಮಣ್ಣು ಒಣಗುವಾಗ ಒಂದಷ್ಟು, ಸುಡುವಾಗ ಇನ್ನಷ್ಟು ಕುಗ್ಗುತ್ತದೆ ಎಂದು ನನಗೇನು ಗೊತ್ತು. ಕಾಕೂ ನೆಲಕ್ಕೆ ಕೂತು, ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ನಕ್ಕರು. "ಹೇಳಬಾರದಿತ್ತೇನ್ರೀ ಕಾಕೂ" ಎಂದು ನಾನು ಮುಖ ಊದಿಸಿದರೆ, "ಹೇಳಿದ್ರ ಮರೀತಿದ್ದಿ. ಈಗ ಮರಿ ನೋಡೂಣು" ಅಂದರು. ಅವತ್ತೇ ನನಗೆ ಗೊತ್ತಿಲ್ಲದೆ ನಾನು ಅವರನ್ನು ಕಾಕೂ ಎಂದು ಕರೆದಿದ್ದೆ. ಮುಂದಿನ ಭಾನುವಾರ ಮತ್ತೆ ಹೋದೆ. ಆಮೇಲೆ ಹೋಗದ ಭಾನುವಾರವೇ ಕಡಿಮೆ.

ಅಲ್ಲಿ ಒಂದು ರೂಢಿ ಇತ್ತು. ಯಾರೇ ಬರಲಿ, ಅವರ ಕೈಗೆ ಮೊದಲು ಒಂದು ಉಂಡೆ ಮಣ್ಣು. ಆಮೇಲೆ ಹೆಸರು, ಊರು, ಚಹಾ. ಹೊಸಬರು ಮೊಟ್ಟಮೊದಲು ಮಾಡಿದ್ದು ಹಲಗೆಯ ಮೇಲೆ ಒಣಗಬೇಕು. ಒಣಗಿದ ಮೇಲೆ ಭಟ್ಟಿ ತುಂಬಿಸುವಾಗ ಅದಕ್ಕೇ ಮೊದಲ ಜಾಗ, ನಟ್ಟನಡುವೆ, ಬಿಸಿ ಹದವಾಗಿ ತಾಗುವಲ್ಲಿ. ಕಾಕೂನ ಸ್ವಂತ ಹೂಜಿ, ತಟ್ಟೆಗಳೆಲ್ಲ ಅಂಚಿಗೆ. ಪ್ರದರ್ಶನಕ್ಕೆ ಹೋಗಬೇಕಾದ ಪಾತ್ರೆಗಳು ಅಂಚಿನಲ್ಲಿ ಬೆಂಕಿ ಹೆಚ್ಚಾಗಿ ಸೊಟ್ಟಗಾದರೂ ಅವರು ಈ ರೂಢಿ ಮುರಿದದ್ದು ನಾನು ನೋಡಲಿಲ್ಲ. ನನಗಂತೂ ಇದು ಹುಚ್ಚುತನ ಅನಿಸುತ್ತಿತ್ತು, ಹೇಳಿಯೂ ಇದ್ದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಬೆಂಕಿ ಹಾಕುವ ದಿನ ಕಾಕೂ ಬೇರೆಯೇ ಮನುಷ್ಯರಾಗುತ್ತಿದ್ದರು. ನಸುಕಿನಲ್ಲಿ ಶುರು, ಸಂಜೆಯವರೆಗೆ ಊಟವಿಲ್ಲ, ಹರಟೆಯಿಲ್ಲ. ಭಟ್ಟಿಯ ಬದಿಯ ತೂತಿನಲ್ಲಿ ಒಂದು ಕಣ್ಣು ಮುಚ್ಚಿ ಇಣುಕಿ ಬಣ್ಣ ನೋಡುವರು. ಮೊದಲು ಕುಂಕುಮದ ಕೆಂಪು, ಆಮೇಲೆ ಅರಿಸಿನ, ಕೊನೆಗೆ ಬೆಣ್ಣೆಯ ಬಣ್ಣ. ಬೆಣ್ಣೆಯ ಬಣ್ಣ ಬಂದರೆ ಮುಗಿಯಿತು. ಇದಕ್ಕೆಲ್ಲ ಯಂತ್ರ ಸಿಗುತ್ತದಂತೆ ಕಾಕೂ, ಎಂದರೆ, ಕಿವಿಯನ್ನು ಇಟ್ಟಿಗೆಯ ಹತ್ತಿರ ತಂದು ಬೆಂಕಿಯ ಸದ್ದು ಕೇಳುತ್ತಾ, "ದೊಡ್ಡಾಕಿ ಹಸದಾಳ, ಎರಡು ಕಟ್ಟಿಗಿ ಕೊಡು" ಎನ್ನುವರು. ಕೊಟ್ಟರೆ ಒಳಗಿನ ಸದ್ದು ನಿಜಕ್ಕೂ ಬದಲಾಗುತ್ತಿತ್ತು...

ಅಷ್ಟು ಹೊತ್ತಿಗೆ ಸುತ್ತಲಿನ ಬಂಡೆಗಳನ್ನು ಒಡೆಯತೊಡಗಿದ್ದರು. ಮಧ್ಯಾಹ್ನ ಸೀಟಿ ಊದಿ ಮದ್ದು ಸಿಡಿಸುತ್ತಿದ್ದರು. ಸೀಟಿ ಕೇಳಿದ ಕೂಡಲೇ ಕಾಕೂ ತಿಗರಿಯ ಮೇಲಿನ ಮಣ್ಣಿನಿಂದ ಕೈ ತೆಗೆದು ಕಾಯುವರು. ಢಮ್ ಎಂದ ಮೇಲೆ ಮತ್ತೆ ತಿಗರಿ ತಿರುಗಿಸುವರು. ನೋಡನೋಡುತ್ತಾ ಗಾಜಿನ ಕಟ್ಟಡಗಳು ಎದ್ದವು. ಅವನ್ನು ಕಟ್ಟಲು ಬಂದ ಯಾದಗಿರಿ, ಕಲಬುರಗಿ ಕಡೆಯ ಜನ ಕಾಕೂನ ಬೇಲಿಗೆ ಹತ್ತಿಕೊಂಡೇ ತಗಡಿನ ಗುಡಿಸಲು ಹಾಕಿಕೊಂಡರು. ಭಾನುವಾರ ಆ ಹೆಂಗಸರು ಬರುತ್ತಿದ್ದರು, ತಮ್ಮ ಒಲೆ, ಹಣತೆ, ಮಕ್ಕಳಿಗೆ ಆಟಿಕೆ ಮಾಡಿಕೊಳ್ಳುತ್ತಿದ್ದರು. ಬರುವಾಗ ಮುರಿದ ಸೆಂಟ್ರಿಂಗ್ ಹಲಗೆಗಳನ್ನು ತಲೆಯ ಮೇಲೆ ಹೊತ್ತು ತರುವರು, ಭಟ್ಟಿಗೆ. ಆಮೇಲೆ ಕಂಪನಿಯ ಇಂಜಿನಿಯರುಗಳೂ ಒಬ್ಬೊಬ್ಬರಾಗಿ ಬರತೊಡಗಿದರು. ಒಬ್ಬ ಹುಡುಗಿಗೆ ಉದ್ದುದ್ದ ಬಣ್ಣದ ಉಗುರು. ಕಾಕೂ ಏನೂ ಹೇಳಲಿಲ್ಲ, ಮೂರನೆಯ ವಾರ ತಾನೇ ಕತ್ತರಿಸಿಕೊಂಡು ಬಂದಳು. ಅದೇ ಕಟ್ಟಡದ ಆರನೆಯ ಮಹಡಿಯಲ್ಲಿ ಕೂರುವವಳು, ಅದರ ಕಾಂಕ್ರೀಟು ಹೊತ್ತವಳು, ಇಬ್ಬರೂ ಒಂದೇ ಚಾಪೆಯ ಮೇಲೆ ಮಣ್ಣು ಹಿಸುಕುತ್ತಾ ಕೂತಿರುವುದು ನೋಡಲು ನನಗೆ ಭಾಳ ಖುಷಿಯಾಗುತ್ತಿತ್ತು.

ಒಂದು ದಿನ ರಸ್ತೆ ಅಳೆಯುವವರು ಬಂದರು. ಕಂಪನಿಗಳ ಕಡೆಗೆ ಹೊಸ ರಸ್ತೆ ನೇರವಾಗಿ ಹೋಗಬೇಕಂತೆ. ಅವರ ನಕ್ಷೆಯಲ್ಲಿ ಕಾಕೂನ ಜಾಗವೆಲ್ಲ ಬರೀ ಬಂಡೆ. ಅಳತೆ ಮುಗಿಸಿ ದೊಡ್ಡಾಕಿಯ ಬೆನ್ನಿನ ಮೇಲೆ ಕೆಂಪು ಬಣ್ಣದ ಗುರುತು ಹಾಕಿ ಹೋದರು. ನಾನು ಹೋದಾಗ ಕಾಕೂ ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದರು. "ನೋಡು, ದೊಡ್ಡಾಕಿಗೆ ಕುಂಕುಮ ಹಚ್ಚಿ ಹೋಗ್ಯಾರ" ಎಂದು ನಗಲು ನೋಡಿದರು. ಆಗಲಿಲ್ಲ.

ಅವತ್ತೇ ಅವರು ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ಜಾಗವನ್ನು ಎಲ್ಲರಿಗೂ ಸೇರುವಂತೆ ಬಿಟ್ಟುಕೊಡುವುದು, ಅಲ್ಲಿ ಯಾರು ಬೇಕಾದರೂ ಬಂದು ಮಣ್ಣು ಕಲಿಯುವ ಕೇಂದ್ರ ಆಗುವುದು, ಭಟ್ಟಿಗಳು ತಾವು ಹೋದ ಮೇಲೂ ಉರಿಯುತ್ತಿರುವುದು. ಅದಕ್ಕೆ ಸರ್ಕಾರಕ್ಕೊಂದು ಅರ್ಜಿ ಬರೆಯಬೇಕು. ಬರೆಯುವವರು ಯಾರು? ನಾಲ್ಕು ಭಾಷೆಯ ಪಂಡಿತೆ ಪಕ್ಕದಲ್ಲೇ ಇದ್ದಳಲ್ಲ. ಇಂಗ್ಲಿಷಿನಲ್ಲಿ ಬರೆಯೋಣ ಎಂದರು ಕಾಕೂ. ಬೇಡ, ಕಚೇರಿಯ ಗುಮಾಸ್ತರ ಮನಸ್ಸಿಗೆ ತಟ್ಟಬೇಕಾದರೆ ತೆಲುಗಿನಲ್ಲೇ ಬರೆಯಬೇಕು ಎಂದು ನಾನು ಹಟ ಹಿಡಿದೆ. ನನ್ನ ತೆಲುಗು ಮಾತಿನಲ್ಲಿ ಚೆನ್ನಾಗಿತ್ತು. ಬರವಣಿಗೆಯಲ್ಲಿ... ಆ ಮಾತು ಬಿಡಿ.

ನಾನು ಬರೆದದ್ದರ ತಾತ್ಪರ್ಯ ಹೀಗಿತ್ತು. ಈ ಸ್ಥಳದಲ್ಲಿ ಬಹಳ ವರ್ಷಗಳಿಂದ ಎರಡು ಭಟ್ಟಿಗಳು ನಡೆಯುತ್ತಿವೆ. ಭಾನುವಾರಗಳಂದು ಕೂಲಿ ಜನರೂ ಕಂಪನಿಗಳ ಇಂಜಿನಿಯರುಗಳೂ ಇಲ್ಲಿ ತಪ್ಪದೆ ಸೇರುತ್ತಾರೆ. ದಣಿದ ಮನಸ್ಸಿಗೆ ಇಲ್ಲಿ ನೆಮ್ಮದಿ ಸಿಗುತ್ತದೆ. ಹೆಂಗಸರಿಗೂ ಮಕ್ಕಳಿಗೂ ಕೆಲಸ ಕಲಿಸಲಾಗುತ್ತಿದೆ. ಈ ಭಟ್ಟಿಗಳು ನಿಂತುಹೋದರೆ ಜನರಿಗೆ ತುಂಬ ದುಃಖವಾಗುತ್ತದೆ. ದಯವಿಟ್ಟು ಸರ್ಕಾರವೇ ಇವನ್ನು ಕಾಪಾಡಿ ಮುಂದುವರಿಸಬೇಕು.

ಮಣ್ಣು, ಪಾತ್ರೆ, ಕುಂಬಾರಿಕೆ ಎಂಬ ಮಾತು ಅರ್ಜಿಯಲ್ಲಿ ಎಲ್ಲಿಯೂ ಇರಲಿಲ್ಲ. ನಮಗೆ ಭಟ್ಟಿ ಎಂದರೆ ಕಾಕೂನ ಭಟ್ಟಿ, ಬೇರೆ ಭಟ್ಟಿ ಲೋಕದಲ್ಲಿ ಇದೆ ಎಂಬುದೇ ಮರೆತುಹೋಗಿತ್ತು. ಆದರೆ ಆ ಸೀಮೆಯಲ್ಲಿ ಬರೀ ಭಟ್ಟಿ ಎಂದರೆ ಸಾರಾಯಿ ಇಳಿಸುವ ಜಾಗ. ಗುಡುಂಬಾ ಎಂದು ಕರೆಯುವ ಕಳ್ಳಭಟ್ಟಿಯ ಹಾವಳಿ ಬೇರೆ ಜೋರಾಗಿದ್ದ ಕಾಲ. ತೆಲುಗಿನಲ್ಲಿ ಕುಂಬಾರರ ಭಟ್ಟಿಗೆ ಆವಂ ಎನ್ನುತ್ತಾರೆ, ನಮ್ಮ ಕನ್ನಡದ ಆವಿಗೆಯೇ ಅದು. ಹುಟ್ಟಿದಾಗಿನಿಂದ ಕೇಳಿದ ನನ್ನ ಸ್ವಂತ ಭಾಷೆಯ ಮಾತು ನೆನಪಾಗಿದ್ದರೆ ಸಾಕಿತ್ತು. ಅನುವಾದಕಿಗೆ ಅದೊಂದು ನೆನಪಾಗಲಿಲ್ಲ. ಅರ್ಜಿ ಓದಿದ ಪುಣ್ಯಾತ್ಮರು ಯಾರೋ ಅದನ್ನು ನೇರವಾಗಿ ಅಬಕಾರಿಯವರಿಗೆ ಕಳಿಸಿದರು.

ಮುಂದಿನ ಭಾನುವಾರ ಬೆಳಿಗ್ಗೆ ಜೀಪು ಬಂತು. ದೊಡ್ಡ ಮೀಸೆಯ ಅಧಿಕಾರಿ, ಹಿಂದೆ ಮೂವರು, ಒಬ್ಬನ ಕೈಯಲ್ಲಿ ಗಡಿಗೆ ಒಡೆಯಲು ಕಬ್ಬಿಣದ ಹಾರೆ. ಜೀಪು ಕಂಡ ಕೂಡಲೇ ಗುಡಿಸಲುಗಳ ಕಡೆಯಿಂದ ಇಬ್ಬರು ಗಂಡಸರು ಬಂಡೆಗಳ ಹಿಂದೆ ಓಡಿಹೋದರು, ಯಾಕೆ ಓಡಿದರೋ ದೇವರಿಗೇ ಗೊತ್ತು. ಚಾಪೆಯ ಮೇಲಿದ್ದ ಇಂಜಿನಿಯರುಗಳು ಬಾಯಿ ತೆರೆದುಕೊಂಡು ಕೂತರು. ಅಧಿಕಾರಿ ಮೂಲೆಯಲ್ಲಿದ್ದ ಹಂಡೆಯ ಮುಚ್ಚಳ ತೆಗೆದು ಮೂಸಿ ನೋಡಿದರು. ಮೆರುಗಿಗೆ ಕಲಸಿಟ್ಟ ಬೂದಿ ನೀರು ಅದು, ವಾರದಿಂದ ಕೊಳೆತು ಗಬ್ಬು ನಾರುತ್ತಿತ್ತು. ಅವರ ಮುಖ ಅರಳಿತು, ಸಿಕ್ಕಿಬಿದ್ದರು ಎಂದು!

ಕಾಕೂ ಅವರ ಕೈಯಲ್ಲಿದ್ದ ಅರ್ಜಿಯನ್ನು ಇಸಿದುಕೊಂಡು, ಕನ್ನಡಕ ಮೇಲೆತ್ತಿ ಓದಿದರು. ಓದಿ ನನ್ನ ಕಡೆ ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅವರು ಬೈಯಲಿಲ್ಲ. ಕನ್ನಡದಲ್ಲಿ, ಮೀಸೆಯವರಿಗೆ ತಿಳಿಯಲಾರದು ಎಂಬ ಧೈರ್ಯದಲ್ಲಿ, "ಮೊದಲ ಈ ಮೀಸಿ ಮಾವಗ ಒಂದು ಕಪ್ಪು ಚಹಾ ಕೊಡವಾ, ಮೂಗು ತಣ್ಣಗಾಗಲಿ" ಅಂದರು.

"ಸಕ್ರಿ ಕಡಿಮಿ ಹಾಕ್ರಿ" ಎಂದರು ಅಧಿಕಾರಿ.

ಆಮೇಲೆ ಅವರೇ ನಕ್ಕುಬಿಟ್ಟರು. ಜಹೀರಾಬಾದಿನವರಂತೆ. "ನಮ್ಮ ಅವ್ವ ಬೀದರ ಕಡೀಯಾಕಿ ಅದಾಳ್ರಿ. ಮನ್ಯಾಗ ಇದೇ ಮಾತು" ಅಂದರು. ಕಾಕೂ ನಾಲಿಗೆ ಕಚ್ಚಿಕೊಂಡರು. ನಾಲಿಗೆ ಕಚ್ಚಿಕೊಂಡ ಕಾಕೂನ ಮುಖ ಚಿಕ್ಕ ಹುಡುಗಿಯದಾಗಿತ್ತು.

ಚಹಾಕ್ಕೆ ಮುಂಚೆ ರೂಢಿಯಂತೆ ಅವರ ಕೈಗೂ ಒಂದು ಉಂಡೆ ಮಣ್ಣು ಬಂತು. ಬೇಡ ಎಂದರು, ಸರ್ಕಾರಿ ಕೆಲಸದ ಮೇಲಿದ್ದೇನೆ ಎಂದರು. ಕಾಕೂ ಕೇಳಲಿಲ್ಲ. ಇವರು ಭಟ್ಟಿಗಳ ಕಥೆ ಹೇಳುತ್ತಾ ಹೋದಂತೆ ಆ ದೊಡ್ಡ ಕೈಗಳು ತಮ್ಮಷ್ಟಕ್ಕೆ ಮಣ್ಣನ್ನು ಹಿಸುಕಿದವು, ನಾಲ್ಕು ಕಾಲು ಎಳೆದವು, ಬೆನ್ನಿನ ಮೇಲೆ ಇಣಿ ಎತ್ತಿದವು, ಎರಡು ಕೊಂಬು ಚೂಪು ಮಾಡಿದವು. ಅಮಾವಾಸ್ಯೆಗೆ ಪೂಜೆ ಮಾಡುವ ಮಣ್ಣೆತ್ತು! ಚಿಕ್ಕಂದಿನಲ್ಲಿ ಅವ್ವನ ಜತೆ ಕೂತು ಮಾಡುತ್ತಿದ್ದರಂತೆ. ಮಾಡಿ ಮುಗಿದ ಮೇಲೆ ತಾವೇ ಅದನ್ನು ಅಂಗೈ ಮೇಲಿಟ್ಟುಕೊಂಡು ನೋಡಿದರು, ಇದು ಎಲ್ಲಿಂದ ಬಂತು ಎನ್ನುವ ಹಾಗೆ. ಹಾರೆ ಹಿಡಿದಿದ್ದವನು ಹಾರೆಯನ್ನು ಗೋಡೆಗೆ ಒರಗಿಸಿ ತನಗೂ ಒಂದು ಉಂಡೆ ಕೇಳಿದ.

ಎರಡು ವಾರದ ಮೇಲೆ ಎತ್ತು ಸಣ್ಣಾಕಿಯ ನಡುವಿನ ಜಾಗದಲ್ಲಿ ಸುಟ್ಟು ಹೊರಬಂತು, ಒಂದು ಕೊಂಬಿನ ತುದಿ ಮುರಿದು. ಅಧಿಕಾರಿ ತಾವೇ ಬಂದು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರು. ಅಷ್ಟರಲ್ಲಿ ವರದಿ ಬರೆದಾಗಿತ್ತು. ಸ್ಥಳದಲ್ಲಿ ಸಾರಾಯಿ ಇಲ್ಲ. ಮಣ್ಣಿನ ಪಾತ್ರೆ ಸುಡುವ ಬಹಳ ಹಳೆಯ ಎರಡು ಭಟ್ಟಿಗಳು ಚಾಲ್ತಿಯಲ್ಲಿವೆ, ಸಾರ್ವಜನಿಕರು ಬಳಸುತ್ತಿದ್ದಾರೆ. ಇಷ್ಟೇ. ಆದರೆ ಆ ಭಟ್ಟಿಗಳು ಅಲ್ಲಿ ಇವೆ ಎಂದು ಹೇಳಿದ ಮೊದಲ ಸರ್ಕಾರಿ ಕಾಗದ ಅದು. ಅಲ್ಲಿ ಬರೀ ಬಂಡೆ ಇದೆ ಎಂದು ಇನ್ನು ಯಾರೂ ಹೇಳುವಂತಿರಲಿಲ್ಲ. ಆ ಕಾಗದದ ಪ್ರತಿ ಹಿಡಿದು ನಾನು ಕಚೇರಿಯಿಂದ ಕಚೇರಿಗೆ ಅಲೆದೆ, ಈ ಸಲ ಅರ್ಜಿಯನ್ನು ನಾಲ್ಕು ಜನರಿಗೆ ಓದಿಸಿಕೊಂಡು. ಕೊನೆಗೆ ರಸ್ತೆ ಸ್ವಲ್ಪ ಬಾಗಿತು. ಈಗಲೂ ಅಲ್ಲಿ ಕ್ಯಾಬ್ ಓಡಿಸುವವರು ಈ ತಿರುವು ಯಾಕಿದೆ ಎಂದು ಗೊಣಗುತ್ತಾರೆ. ಅದು ನನ್ನ ತೆಲುಗಿನ ತಿರುವು.

ಕಾಕೂ ನನ್ನನ್ನು ಆಮೇಲೆ ಗುಡುಂಬಾ ಬಾಯಿ ಎಂದೇ ಕರೆದರು. ಹೊಸಬರಿಗೆ ಪರಿಚಯ ಮಾಡಿಸುವುದೂ ಹಾಗೇ. ನಾನು ಸಿಟ್ಟು ಮಾಡಿದಷ್ಟೂ ಅವರಿಗೆ ಖುಷಿ.

ಒಂದೆರಡು ವರ್ಷ ಚೆನ್ನಾಗಿ ನಡೆಯಿತು. ಜಾಗ ಒಂದು ಟ್ರಸ್ಟಿನ ಹೆಸರಿಗಾಯಿತು, ನನ್ನನ್ನೂ ಸೇರಿಸಿ ಏಳು ಜನರ ಸಮಿತಿ. ಆ ಹೊತ್ತಿಗೆ ಕಾಕೂಗೆ ಕೆಮ್ಮು ಹತ್ತಿತ್ತು. ಅಷ್ಟು ವರ್ಷದ ಹೊಗೆ ಮತ್ತು ಮಣ್ಣಿನ ಧೂಳು, ಇನ್ನೇನಾಗುತ್ತದೆ. ಕೊನೆಕೊನೆಗೆ ತಿಗರಿಯ ಹತ್ತಿರ ಹೋಗಲೂ ಆಗುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಅವರ ಮಂಚದ ಪಕ್ಕ ಕೂತು ಕಿತ್ತಳೆ ಸುಲಿಯುತ್ತಿದ್ದೆ. ಕೈ ಹಿಡಿದುಕೊಂಡರು.

"ಈ ಊರಾಗ ಗೋರಿ ಭಾಳ ಅದಾವು, ತಂಗಿ. ಟಿಕೇಟ್ ತಗೊಂಡು ನೋಡಾಕ ಹೋಗ್ತಾರ ಮಂದಿ. ನನ್ನ ದೊಡ್ಡಾಕೀನ್ನ ಇನ್ನೊಂದು ಗೋರಿ ಮಾಡಬ್ಯಾಡ್ರಿ. ಬಿದ್ದರ ಬೀಳಲಿ, ಉರಕೋತ ಬೀಳಲಿ. ತಣ್ಣಗ ನಿಲ್ಲಸಬ್ಯಾಡ್ರಿ."

ಆಗಲಿ ಕಾಕೂ, ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ನನಗೇ ಗೊತ್ತಿರಲಿಲ್ಲ. ಅದೇ ತಿಂಗಳು ಅವರು ಹೋದರು.

ಅವರು ಹೋದ ಮೇಲೆ ಮೊದಲ ಸಲ ದೊಡ್ಡಾಕಿಗೆ ಬೆಂಕಿ ಹಾಕಿದೆವು. ಎಲ್ಲರೂ ಸೇರಿ, ಅವರು ಮಾಡುತ್ತಿದ್ದಂತೆಯೇ, ನಸುಕಿನಿಂದ. ತೂತಿನಲ್ಲಿ ಇಣುಕಿ ಬಣ್ಣ ನೋಡಿದೆವು. ಆದರೆ ಇಟ್ಟಿಗೆಗೆ ಕಿವಿಗೊಟ್ಟರೆ ನಮಗೆ ಬರೀ ಭರ್ ಎಂಬ ಸದ್ದು. ಹಸಿದಿದ್ದಾಳೋ, ಸಾಕು ಅನ್ನುತ್ತಿದ್ದಾಳೋ ಯಾರಿಗೂ ತಿಳಿಯಲಿಲ್ಲ. ಕಟ್ಟಿಗೆ ಹೆಚ್ಚಾಯಿತೆಂದು ಕಾಣುತ್ತದೆ. ಮಧ್ಯಾಹ್ನ ಮೇಲಿನ ಕಮಾನಿನಿಂದ ಚಟ್ ಎಂದಿತು. ಎರಡು ದಿನ ಬಿಟ್ಟು ಆರಿದ ಮೇಲೆ ನೋಡಿದರೆ ಕೈ ತೂರುವಷ್ಟು ಬಿರುಕು.

ತಿಳಿದವರನ್ನು ಕರೆಸಿದೆವು. ಇನ್ನೊಂದು ಬೆಂಕಿ ತಡೆಯುವುದು ಅನುಮಾನ ಅಂದರು. ಉರಿಸಿದರೆ ಕಮಾನು ಕುಸಿಯಬಹುದು, ಕುಸಿದರೆ ಬುಡದಿಂದ ಹೊಸದಾಗಿಯೇ ಕಟ್ಟಬೇಕು. ಬೇಡವೆಂದರೆ ಸುತ್ತ ಕಬ್ಬಿಣದ ಪಟ್ಟಿ ಬಿಗಿದು, ಬೆಂಕಿ ಹಾಕದೆ, ಹಾಗೇ ನಿಲ್ಲಿಸಬಹುದು, ಎಷ್ಟು ವರ್ಷವಾದರೂ ನಿಲ್ಲುತ್ತದೆ. ಸಮಿತಿ ಸೇರಿತು. ಮೂವರು ಕಾಕೂ ಹೇಳಿದಂತೆ ಉರಿಸೋಣ, ಬಿದ್ದರೆ ಮತ್ತೆ ಕಟ್ಟೋಣ ಅಂದರು. ಅವರಲ್ಲಿ ಉಗುರು ಕತ್ತರಿಸಿಕೊಂಡು ಬಂದಿದ್ದ ಆ ಹುಡುಗಿಯೂ ಒಬ್ಬಳು. ಮೂವರು ನಿಲ್ಲಿಸೋಣ, ಇಂಥದ್ದು ಇನ್ನೊಂದು ಸಿಗುವುದಿಲ್ಲ ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಕಾಕೂನ ಕೊನೆಯ ಮಾತು ಕೇಳಿಸಿಕೊಂಡವಳು ನಾನೇ, ಅದು ಎಲ್ಲರಿಗೂ ಗೊತ್ತಿತ್ತು.

ನಾನು ಎದ್ದು ದೊಡ್ಡಾಕಿಯ ಹತ್ತಿರ ಹೋದೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಕಾಕೂ ಅದರ ಮೈಗೆಲ್ಲ ಮಣ್ಣು, ಬೆಲ್ಲದ ನೀರು, ಹೊಟ್ಟು ಕಲಸಿ ಮೆತ್ತುತ್ತಿದ್ದರು. ಕರಣೆ ಮುಟ್ಟುತ್ತಿರಲಿಲ್ಲ, ಬರಿಗೈ. ಎಡಗಡೆಯ ಬೆನ್ನಿನ ಮೇಲೆ ಅವರ ನಾಲ್ಕು ಬೆರಳಿನ ಗೆರೆಗಳು, ಎಳೆದು ಎಳೆದು ಸವರಿದ ಗೆರೆಗಳು, ಹಾಗ್ಹಾಗೇ ಇದ್ದವು. ಕಿರುಬೆರಳು ಸ್ವಲ್ಪ ಸೊಟ್ಟ, ಅದರ ಗೆರೆಯೂ ಸೊಟ್ಟ. ನಾನು ಅದರಲ್ಲಿ ನನ್ನ ಬೆರಳಿಟ್ಟು ನೋಡಿದೆ. ವಾಪಸು ಬಂದು ನಿಲ್ಲಿಸುವವರ ಕಡೆಗೆ ಕೈ ಎತ್ತಿದೆ.

ಆಮೇಲೆ ಎಲ್ಲರೂ ನನ್ನ ವಿವೇಕವನ್ನು ಹೊಗಳಿದರು. ಪರಂಪರೆ, ಮುಂದಿನ ಪೀಳಿಗೆ ಎಂದೆಲ್ಲ ಮಾತಾಡಿದರು. ನನ್ನ ತಲೆಯಲ್ಲಿ ಪರಂಪರೆಯೂ ಇರಲಿಲ್ಲ, ಮಣ್ಣಂಗಟ್ಟಿಯೂ ಇರಲಿಲ್ಲ. ಅದು ಬಿದ್ದರೆ ಕಾಕೂನ ಕೈಯನ್ನು ನಾನು ಇನ್ನೆಲ್ಲಿ ನೋಡಲಿ ಎಂಬ ಸ್ವಾರ್ಥ, ಅಷ್ಟೇ.

ಮೆಟ್ರೋ ಇಳಿದು ಅವತ್ತು ನಾನು ಹೋದದ್ದು ಅಲ್ಲಿಗೇ. ಕೇಂದ್ರ ಚೆನ್ನಾಗಿ ನಡೆದಿದೆ, ಸುಳ್ಳು ಹೇಳಬಾರದು. ಸಣ್ಣಾಕಿಗೆ ವರ್ಷಕ್ಕೆ ಮೂರು ಸಲ ಅನುಮತಿ ಪಡೆದು ಬೆಂಕಿ ಹಾಕುತ್ತಾರೆ, ಉಳಿದದ್ದೆಲ್ಲ ಗ್ಯಾಸಿನ ಭಟ್ಟಿಯಲ್ಲಿ. ಹೊಸಬರಿಗೆ ಇವತ್ತಿಗೂ ನಡುವಿನ ಜಾಗ. ಇಪ್ಪತ್ತು ಮೂವತ್ತು ಜನ ಮಣ್ಣು ಮೆತ್ತಿಕೊಂಡು ಗಲಾಟೆ ಮಾಡುತ್ತಾ ಕೂತಿದ್ದರು. ದೊಡ್ಡಾಕಿ ಕಬ್ಬಿಣದ ಪಟ್ಟಿ ಬಿಗಿದುಕೊಂಡು ನಿಂತಿದ್ದಾಳೆ. ಮುಂದೆ ಒಂದು ಫಲಕ, ನಾಲ್ಕು ಭಾಷೆಯಲ್ಲಿ ನಾನೇ ಬರೆದದ್ದು. ಜನ ಬಂದು ಓದುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ, ಹೋಗುತ್ತಾರೆ. ಕಾಕೂ ಏನಾಗಬಾರದು ಎಂದಿದ್ದರೋ ಅದೇ ಆಗಿದೆ, ನನ್ನ ಕೈಯಿಂದ ಆಗಿದೆ.

ನಾನು ಹಿಂದಕ್ಕೆ ಹೋಗಿ ಎಡಗಡೆಯ ಬೆನ್ನು ನೋಡಿದೆ. ಮೇಲೆ ತಗಡು ಹಾಕಿಸಿದ್ದರೂ ಎರಚಲು ತಪ್ಪುವುದಿಲ್ಲ. ಗೆರೆಗಳು ಸವೆದಿವೆ. ಕಿರುಬೆರಳಿನದು ಎಲ್ಲಿತ್ತು ಎಂದು ನನಗೆ ಗೊತ್ತಿರುವುದರಿಂದ ಕಾಣುತ್ತದೆ, ಬೇರೆಯವರಿಗೆ ಕಾಣುವುದಿಲ್ಲ. ಇನ್ನೊಂದೆರಡು ಮಳೆಗಾಲ ಕಳೆದರೆ ನನಗೂ ಕಾಣಲಾರದು. ಮತ್ತೆ ಮಣ್ಣು ಮೆತ್ತಿಸೋಣವೇ ಮೇಡಂ ಎಂದು ಅಲ್ಲಿಯ ಹುಡುಗಿ ಕೇಳಿದಳು. ಬೇಡ ಎಂದೆ.

ನಾನು ಮಾಡಿದ್ದು ಕಾಕೂಗೆ ಗೊತ್ತಾಗಿದ್ದರೆ ಬೈಯುತ್ತಿರಲಿಲ್ಲ, ನನಗೆ ಗೊತ್ತು. ಬೈಗುಳ ಅವರ ಸ್ವಭಾವವಲ್ಲ. ಮಾತು ಬಿಡುತ್ತಿದ್ದರು. ಭಾನುವಾರ ಹೋದರೆ ಮುಖ ತಿರುಗಿಸಿಕೊಂಡು ಕೂರುತ್ತಿದ್ದರು, ಚಹಾ ಬೇರೆಯವರ ಕೈಯಲ್ಲಿ ಕೊಡಿಸುತ್ತಿದ್ದರು... ಇರಲಿ. ನನ್ನ ಜತೆ ಮಾತು ಬಿಡುವುದಕ್ಕಾದರೂ ಕಾಕೂ ಇರಬೇಕಿತ್ತು.